ತಗ್ಗು ಕಾರನ್ನು ಮನೆಯಲ್ಲಿ ಎತ್ತಿ ನಿಲ್ಲಿಸುವ ಕ್ರಮ



ಗಾಲಿ ಬಿಚ್ಚುವುದು, ಬ್ರೇಕ್ ಪ್ಯಾಡ್ ನೋಡುವುದು, ಎಂಜಿನ್ ಆಯಿಲ್ ಬದಲಿಸುವುದು ಮುಂತಾದ ಕೆಲಸಗಳನ್ನು ಮನೆಯಲ್ಲೇ ಮಾಡಿಕೊಳ್ಳುವ ಸದಸ್ಯರು ಹೊಸೂರು, ಬಾಗಲೂರು, ಕೃಷ್ಣಗಿರಿ, ಆನೇಕಲ್ ಎಲ್ಲ ಕಡೆಯೂ ಇದ್ದಾರೆ. ಈಗ ಕೆಲವರ ಮನೆಗೆ ಮಕ್ಕಳು ಇಷ್ಟಪಟ್ಟು ಕೊಂಡ, ನೆಲಕ್ಕೆ ತಗ್ಗಾದ ಸ್ಪೋರ್ಟ್ಸ್ ಕಾರುಗಳೂ ಬಂದಿವೆ. ಇವುಗಳ ಅಡಿಗೆ ಜಾಕಿ ತೂರುವುದೇ ಕಷ್ಟ. ತೂರಿಸಲು ನಾವು ಹೂಡುವ ಉಪಾಯಗಳೇ ಎಷ್ಟೋ ಸಲ ಅಪಾಯ ತರುತ್ತವೆ. ಆದ್ದರಿಂದ ಈ ಬರಹ.

ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಜಾಕಿ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಹೊತ್ತು ನಿಲ್ಲುವುದು ಜಾಕಿ ಸ್ಟ್ಯಾಂಡಿನ ಕೆಲಸ. ಬರೀ ಜಾಕಿಯ ಮೇಲೆ ನಿಂತ ಕಾರಿನ ಅಡಿಗೆ ಕೈ, ಕಾಲು, ತಲೆ ಯಾವುದೂ ಹೋಗಬಾರದು. ಹೈಡ್ರಾಲಿಕ್ ಜಾಕಿಯಲ್ಲಿ ಭಾರವನ್ನು ತಡೆದಿರುವುದು ಒಂದಿಷ್ಟು ಎಣ್ಣೆ ಮತ್ತು ಅದು ಸೋರದಂತೆ ಹಿಡಿದಿರುವ ರಬ್ಬರ್ ಸೀಲು. ಆ ಸೀಲು ಸೋತರೆ ಕಾರು ಕೆಳಗೆ ಬರುತ್ತದೆ.

ಹೊಸೂರಿನ ಕಾರ್ಖಾನೆಗಳಲ್ಲಿ ದುಡಿದ ನಮ್ಮ ಸದಸ್ಯರಿಗೆ ಇದು ಹೊಸದಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ 29ನೇ ಕಲಮು ಭಾರ ಎತ್ತುವ ಸಾಧನಗಳ ಬಗ್ಗೆಯೇ ಇತ್ತು. ಎಷ್ಟು ಭಾರ ಹೊರಬಲ್ಲದು ಎಂಬುದನ್ನು ಸಾಧನದ ಮೇಲೆ ಗುರುತು ಮಾಡಬೇಕು, ಅರ್ಹರಿಂದ 12 ತಿಂಗಳಿಗೊಮ್ಮೆಯಾದರೂ ತಪಾಸಣೆ ಮಾಡಿಸಬೇಕು ಎಂದು ಅದು ವಿಧಿಸಿತ್ತು. ಕಾರ್ಖಾನೆಯಲ್ಲಿ ಇದನ್ನೆಲ್ಲ ನೋಡಿಕೊಳ್ಳಲು ಜನ ಇರುತ್ತಾರೆ. ಮನೆಯ ಪೋರ್ಟಿಕೋದಲ್ಲಿ ನೋಡಿಕೊಳ್ಳಬೇಕಾದವರು ನಾವೇ.

ತಗ್ಗು ಎಂದರೆ ಎಷ್ಟು?

ಸಾಮಾನ್ಯ ಕಾರಿನ ಅಡಿಭಾಗ ನೆಲದಿಂದ ಸುಮಾರು 160ರಿಂದ 170 ಮಿ.ಮೀ. ಎತ್ತರದಲ್ಲಿರುತ್ತದೆ. ಸ್ಪೋರ್ಟ್ಸ್ ಕಾರುಗಳಲ್ಲಿ ಇದು 100ರಿಂದ 130 ಮಿ.ಮೀ. ಇರುವುದುಂಟು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಟ್ರಾಲಿ ಜಾಕಿಯ ತಲೆ ಪೂರ್ತಿ ಇಳಿಸಿದಾಗಲೂ ಸುಮಾರು 135 ಮಿ.ಮೀ. ಎತ್ತರ ಇರುತ್ತದೆ. ಹಾಗಾಗಿ ಅದು ಒಳಗೆ ಹೋಗುವುದಿಲ್ಲ. ತಗ್ಗು ಕಾರಿಗೆಂದೇ ಬರುವ ಟ್ರಾಲಿ ಜಾಕಿಯ ತಲೆ 75ರಿಂದ 90 ಮಿ.ಮೀ.ಗೆ ಇಳಿಯುತ್ತದೆ. ಕೊಳ್ಳುವ ಮೊದಲು ಈ ಒಂದು ಅಳತೆಯನ್ನು ಕೇಳಿ ತಿಳಿದುಕೊಳ್ಳಿ.

ಮೈ ಬೇರೆ, ಮೂಳೆ ಬೇರೆ

ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಸಂಸ್ಥೆ 1990ರ ದಶಕದ ಕೊನೆಯಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರನ್ನು ಹೊರತಂದಿತ್ತು. ಅದಕ್ಕೆ ರೆನೋ ಕಂಪನಿಯ 1149 ಸಿಸಿ ಎಂಜಿನ್, ಫೈಬರ್‌ಗ್ಲಾಸ್ ಮೈ. ಹೊಸೂರು ರಸ್ತೆಯ ಬೊಮ್ಮಸಂದ್ರದಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ವಿದ್ಯುತ್ ಕಾರು ಸ್ಪೋರ್ಟ್ಸ್ ಕಾರಲ್ಲ. ಆದರೆ ಅದರ ಹೊರಮೈಯೂ ಪ್ಲಾಸ್ಟಿಕ್, ಒಳಗಿನದು ಉಕ್ಕಿನ ಚೌಕಟ್ಟು. ಇಂಥ ಕಾರುಗಳಲ್ಲಿ ಕಣ್ಣಿಗೆ ಕಾಣುವ ಅಂಚು ಭಾರ ಹೊರುವುದಿಲ್ಲ. ಅಲ್ಲಿ ಜಾಕಿ ಕೊಟ್ಟರೆ ಮೈ ಸೀಳುತ್ತದೆ, ಕಾರು ಜಾರುತ್ತದೆ. ಸ್ಯಾನ್ ಸ್ಟಾರ್ಮ್ ಈಗ ತಯಾರಾಗುವುದಿಲ್ಲವಾದ್ದರಿಂದ ಒಡೆದ ಭಾಗಕ್ಕೆ ಬದಲಿ ಸಿಗುವುದೂ ಕಷ್ಟ.

ಉಕ್ಕಿನ ಮೈಯ ಕಾರಿಗೂ ಎತ್ತುವ ಜಾಗ ಗೊತ್ತುಮಾಡಿರುತ್ತದೆ. ಸಾಮಾನ್ಯವಾಗಿ ಮುಂದಿನ ಗಾಲಿಯ ಹಿಂದೆ ಮತ್ತು ಹಿಂದಿನ ಗಾಲಿಯ ಮುಂದೆ, ಬಾಗಿಲ ಕೆಳಗಿನ ಅಂಚಿನಲ್ಲಿ ಸಣ್ಣ ಕಚ್ಚು ಅಥವಾ ಗುರುತು ಇರುತ್ತದೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇದರ ಚಿತ್ರ ಇರುತ್ತದೆ. ಆ ಪುಟ ನೋಡದೆ ಕೆಲಸ ಶುರುಮಾಡಬೇಡಿ. ಆಯಿಲ್ ಚೇಂಬರ್, ಗೇರ್ ಬಾಕ್ಸ್, ಸೈಲೆನ್ಸರ್ ಪೈಪು, ತಳದ ತಗಡು, ವಿದ್ಯುತ್ ಕಾರಾದರೆ ಬ್ಯಾಟರಿಯ ಪೆಟ್ಟಿಗೆ, ಇವುಗಳಿಗೆ ಜಾಕಿ ಕೊಡಲೇಬಾರದು.

ಬೇಕಾದ ಸಾಮಾನು

1. ತಗ್ಗು ಟ್ರಾಲಿ ಜಾಕಿ ಒಂದು. ಕಾರಿನ ಜೊತೆ ಬಂದ ಕತ್ತರಿ ಜಾಕಿ ರಸ್ತೆಬದಿಯಲ್ಲಿ ಸ್ಟೆಪ್ನಿ ಹಾಕಿಕೊಳ್ಳುವುದಕ್ಕೆ ಮಾತ್ರ.
2. ಜಾಕಿ ಸ್ಟ್ಯಾಂಡ್ ಒಂದು ಜೊತೆ. ಎಷ್ಟು ಟನ್ ಎಂಬುದು ಅದರ ಮೇಲೆ ಅಚ್ಚಾಗಿರಬೇಕು. ಎರಡೂ ಒಂದೇ ಬಗೆಯದಾಗಿರಲಿ.
3. ಗಾಲಿಗೆ ಕೊಡುವ ಅಡ್ಡೆ ನಾಲ್ಕು. ರಬ್ಬರಿನದು ಅಥವಾ ಇಳಿಜಾರಾಗಿ ಕೊಯ್ದ ಗಟ್ಟಿ ಮರದ್ದು.
4. ಜಾಕಿಯ ತಲೆಗೆ ನಡುವೆ ಸೀಳಿರುವ ರಬ್ಬರ್ ಪ್ಯಾಡು. ಕಾರಿನ ಅಂಚು ಆ ಸೀಳಿನಲ್ಲಿ ಕೂರುತ್ತದೆ.
5. ಗಟ್ಟಿ ಮರದ ಹಲಗೆ ಎರಡು. ಒಂದೊಂದೂ ಒಂದು ಅಡಿ ಅಗಲ, ಎರಡು ಮೂರು ಅಡಿ ಉದ್ದ, ಒಂದೂವರೆ ಎರಡು ಇಂಚು ದಪ್ಪ ಇರಲಿ. ಒಂದು ತುದಿಯನ್ನು ಇಳಿಜಾರಾಗಿ ಕೊಯ್ಸಿಕೊಳ್ಳಿ.

ನಮ್ಮ ಕಡೆ ಮನೆ ಮುಂದೆ ಗ್ರಾನೈಟ್ ತುಂಡು, ಇಟ್ಟಿಗೆ, ಸಿಮೆಂಟಿನ ಹಾಲೋ ಬ್ಲಾಕು ಬಿದ್ದಿರುವುದು ಸಾಮಾನ್ಯ. ಸ್ಟ್ಯಾಂಡಿನ ಬದಲು ಇವನ್ನು ಬಳಸಬೇಡಿ. ಗೋಡೆಯಲ್ಲಿ ಭಾರ ಹೊರುವ ಬ್ಲಾಕು, ಒಂದೇ ಕಡೆ ಭಾರ ಬಿದ್ದಾಗ ಯಾವ ಸೂಚನೆಯನ್ನೂ ಕೊಡದೆ ಒಡೆಯುತ್ತದೆ. ಗ್ರಾನೈಟ್ ನುಣುಪಾದ್ದರಿಂದ ಜಾರುತ್ತದೆ.

ನೆಲ

ಗಟ್ಟಿಯಾದ, ಮಟ್ಟಸವಾದ ಕಾಂಕ್ರೀಟ್ ನೆಲವೇ ಬೇಕು. ಮಳೆನೀರು ಹರಿಯಲೆಂದು ಪೋರ್ಟಿಕೋಗೆ ಇಳಿಜಾರು ಕೊಟ್ಟಿದ್ದರೆ ಅಲ್ಲಿ ಎತ್ತಬೇಡಿ. ಕೆಂಪು ಮಣ್ಣಿನ ಅಂಗಳವಂತೂ ಬೇಡವೇ ಬೇಡ. ಹಾಸುಗಲ್ಲಿನ ಕೆಳಗೆ ಟೊಳ್ಳಿದ್ದರೆ ಕಲ್ಲು ಬಿರಿಯುತ್ತದೆ.

ಇನ್ನೊಂದು ಕಾರಣವೂ ಇದೆ. ಟ್ರಾಲಿ ಜಾಕಿಯ ತೋಳು ಮೇಲೇಳುವಾಗ ನೆಟ್ಟಗೆ ಏಳುವುದಿಲ್ಲ, ಬಾಗಿದ ದಾರಿಯಲ್ಲಿ ಏಳುತ್ತದೆ. ಅದಕ್ಕೆ ಹೊಂದಿಕೊಳ್ಳಲು ಜಾಕಿ ತನ್ನ ಚಕ್ರಗಳ ಮೇಲೆ ಸ್ವಲ್ಪ ಉರುಳಬೇಕು. ಚಕ್ರ ಮಣ್ಣಿನಲ್ಲಿ ಹೂತರೆ ಅಥವಾ ಇಂಟರ್‌ಲಾಕ್ ಕಲ್ಲಿನ ಸಂದಿಗೆ ಸಿಕ್ಕಿಕೊಂಡರೆ, ಜಾಕಿಯ ತಲೆ ಕಾರಿನ ಅಂಚಿನಿಂದ ಜಾರುತ್ತದೆ.

ಗಾಲಿಗೆ ಅಡ್ಡೆ

ಹೊಸೂರಿನಲ್ಲಿ ಚಂದ್ರಚೂಡೇಶ್ವರನ ತೇರು ಎಳೆಯುವಾಗ ಗಾಲಿಗೆ ಮರದ ಅಡ್ಡೆ ಕೊಡುವವರನ್ನು ನಾವೆಲ್ಲ ನೋಡಿದ್ದೇವೆ. ಅಷ್ಟು ದೊಡ್ಡ ತೇರನ್ನು ತಡೆಯುವುದು ಆ ಅಡ್ಡೆಯೇ. ಕಾರಿನಲ್ಲೂ ಹ್ಯಾಂಡ್ ಬ್ರೇಕ್ ಇದೆಯಲ್ಲ ಎಂದು ಅಡ್ಡೆ ಬಿಡಬಾರದು. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಎರಡು ಗಾಲಿಗಳನ್ನು ಮಾತ್ರ. ಹಿಂಭಾಗ ಎತ್ತಿದರೆ ಅದರಿಂದ ಪ್ರಯೋಜನವಿಲ್ಲ. ಅನೇಕ ಸ್ಪೋರ್ಟ್ಸ್ ಕಾರುಗಳಲ್ಲಿ ಎಂಜಿನ್ ನಡೆಸುವುದೂ ಹಿಂದಿನ ಗಾಲಿಗಳನ್ನೇ. ಆಗ ಗೇರ್‌ನಲ್ಲಿ ನಿಲ್ಲಿಸಿದ್ದೂ ಉಪಯೋಗಕ್ಕೆ ಬಾರದು. ಕಾರು ಉರುಳದಂತೆ ತಡೆಯುವುದು ಮುಂದಿನ ಗಾಲಿಗಳ ಅಡ್ಡೆಗಳಷ್ಟೇ. ನೆಲದ ಮೇಲೆ ಉಳಿಯುವ ಎರಡೂ ಗಾಲಿಗಳಿಗೆ ಹಿಂದೆ ಮುಂದೆ ಎರಡೂ ಕಡೆ ಅಡ್ಡೆ ಕೊಡಿ.

ಎತ್ತುವ ಕ್ರಮ

1. ಜಾಕಿ ಒಳಗೆ ಹೋಗದಿದ್ದರೆ ಮೊದಲು ಕಾರನ್ನು ಹಲಗೆಗಳ ಮೇಲೆ ಹತ್ತಿಸಿ. ಒಬ್ಬರು ಹೊರಗೆ ಪಕ್ಕದಲ್ಲಿ ನಿಂತು ನೋಡಿಕೊಳ್ಳಲಿ. ಕಾರಿನ ಎದುರಿಗೆ ಯಾರೂ ನಿಲ್ಲಬಾರದು. ಬಂಪರಿನ ಕೆಳತುಟಿ ಹಲಗೆಗೆ ತಾಗದೆ ಗಾಲಿ ಏರಬೇಕು.
2. ಹ್ಯಾಂಡ್ ಬ್ರೇಕ್ ಹಾಕಿ, ಗೇರ್‌ನಲ್ಲಿಡಿ. ಆಟೋಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿಡಿ. ಅಡ್ಡೆ ಕೊಡಿ. ಕಾರಿನೊಳಗೆ ಯಾರೂ ಇರಬಾರದು.
3. ಗಾಲಿ ಬಿಚ್ಚುವುದಿದ್ದರೆ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಕಾಲು ಸುತ್ತು ಸಡಿಲಿಸಿ. ಎತ್ತಿದ ಮೇಲೆ ಪಾನಾ ಹಾಕಿ ಜಗ್ಗಿದರೆ ಕಾರು ಅಲುಗುತ್ತದೆ.
4. ತಗ್ಗು ಕಾರಿನಲ್ಲಿ ಎದುರಾಗುವ ತೊಡಕೆಂದರೆ, ಜಾಕಿಗೂ ಸ್ಟ್ಯಾಂಡಿಗೂ ಒಂದೇ ಜಾಗ ಬೇಕಾಗುವುದು. ಎರಡೂ ಗಾಲಿಗಳ ನಡುವಿನ ಅಡ್ಡ ತೊಲೆಗೆ ಜಾಕಿ ಕೊಡಬಹುದು ಎಂದು ಪುಸ್ತಕ ಹೇಳಿದ್ದರೆ ಅಲ್ಲಿ ಎತ್ತಿ, ಬದಿಯ ಗುರುತುಗಳ ಕೆಳಗೆ ಸ್ಟ್ಯಾಂಡ್ ಇಡಿ. ಅದಿಲ್ಲದಿದ್ದರೆ ಬದಿಯ ಗುರುತಿನಲ್ಲಿ ಎತ್ತಿ, ಪುಸ್ತಕ ತೋರಿಸಿದ ಬೇರೆ ಗಟ್ಟಿ ಜಾಗದಲ್ಲಿ ಸ್ಟ್ಯಾಂಡ್ ಇಡಿ. ಪುಸ್ತಕ ಅಂಥ ಜಾಗ ತೋರಿಸದಿದ್ದರೆ ಆ ಕೆಲಸವನ್ನು ಗ್ಯಾರೇಜಿಗೇ ಬಿಡಿ.
5. ಸ್ವಲ್ಪ ಸ್ವಲ್ಪವಾಗಿ ಎತ್ತಿ. ಪ್ರತಿ ನಾಲ್ಕು ಬೆರಳು ಎತ್ತರಕ್ಕೂ ನಿಲ್ಲಿಸಿ, ಜಾಕಿಯ ತಲೆ ಸರಿಯಾಗಿ ಕೂತಿದೆಯೇ, ಅಡ್ಡೆ ಸರಿದಿದೆಯೇ ನೋಡಿ. ಕೆಲಸಕ್ಕೆ ಬೇಕಾದಷ್ಟೇ ಎತ್ತಿ.
6. ಎರಡೂ ಸ್ಟ್ಯಾಂಡುಗಳನ್ನು ಒಂದೇ ಎತ್ತರಕ್ಕೆ ಹೊಂದಿಸಿ, ಪಿನ್ನು ಹಾಕಿ. ಆಮೇಲೆ ಜಾಕಿಯನ್ನು ನಿಧಾನವಾಗಿ ಇಳಿಸಿ ಭಾರವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ.
7. ಈಗ ಪಕ್ಕದಲ್ಲಿ ನಿಂತು ಕಾರನ್ನು ಕೈಯಿಂದ ಬಲವಾಗಿ ಅಲುಗಾಡಿಸಿ. ಬೀಳುವುದಿದ್ದರೆ ಯಾರೂ ಅಡಿಯಲ್ಲಿ ಇಲ್ಲದ ಈಗಲೇ ಬೀಳಲಿ.
8. ಬಿಚ್ಚಿದ ಗಾಲಿಯನ್ನು ಬಾಗಿಲಂಚಿನ ಕೆಳಗೆ ಮಲಗಿಸಿಡಿ. ಸ್ಟ್ಯಾಂಡ್ ಸೋತರೂ ಕಾರು ಪೂರ್ತಿ ನೆಲಕ್ಕೆ ಬರದು.

ಕೆಲಸ ನಡೆಯುವಾಗ ಮನೆಯಲ್ಲಿ ಇನ್ನೊಬ್ಬರು ಇರಲಿ, ಗೇಟಿಗೆ ಬೀಗ ಬೇಡ. ಮಕ್ಕಳ ಚೆಂಡು ಕಾರಿನಡಿಗೆ ಉರುಳಿದರೆ ತೆಗೆದುಕೊಡಬೇಕಾದವರು ದೊಡ್ಡವರು, ಅದೂ ಕೋಲಿನಿಂದ.

ಇಳಿಸುವುದು

ಗಾಲಿ ಕೂರಿಸಿ ನಟ್ಟುಗಳನ್ನು ಕೈಬಿಗಿ ಮಾಡಿ. ಅಡಿಯಲ್ಲಿ ಪಾನಾ, ಬಟ್ಟೆ ಉಳಿದಿಲ್ಲವೆಂದು ನೋಡಿ. ಜಾಕಿಯಿಂದ ಸ್ವಲ್ಪ ಎತ್ತಿ, ಸ್ಟ್ಯಾಂಡ್ ತೆಗೆದು, ಜಾಕಿಯ ಬಿಡುಗಡೆ ತಿರುಪನ್ನು ಸ್ವಲ್ಪವೇ ತಿರುಗಿಸಿ ಮೆಲ್ಲಗೆ ಇಳಿಸಿ. ನಟ್ಟುಗಳನ್ನು ಎದುರುಬದುರಾಗಿ, ಪುಸ್ತಕ ಹೇಳಿದಷ್ಟು ಬಿಗಿಯಾಗಿ ಮುರಿಯಿರಿ. ಸುಮಾರು 50 ಕಿ.ಮೀ., ಅಂದರೆ ಹೊಸೂರಿನಿಂದ ಕೃಷ್ಣಗಿರಿಗೆ ಹೋದಷ್ಟು ದೂರ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ.

ಅವಘಡವಾದರೆ

ಯಾರಾದರೂ ಅಡಿಯಲ್ಲಿ ಸಿಕ್ಕಿಕೊಂಡರೆ ಗಾಬರಿಯಲ್ಲಿ ಕೈಕಾಲು ಹಿಡಿದು ಎಳೆಯಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ. ಈ ಸಂಖ್ಯೆ ಗಡಿಯ ಎರಡೂ ಕಡೆ, ತಮಿಳುನಾಡಿನಲ್ಲೂ ಕರ್ನಾಟಕದಲ್ಲೂ ಒಂದೇ. ಅಕ್ಕಪಕ್ಕದವರನ್ನು ಕೂಗಿ. ಇನ್ನೊಂದು ಜಾಕಿಯಿಂದ ಗಟ್ಟಿ ಜಾಗದಲ್ಲಿ ಕಾರನ್ನು ಎತ್ತುತ್ತಾ, ಎತ್ತಿದಷ್ಟಕ್ಕೂ ಮರದ ತುಂಡು ಅಥವಾ ಸ್ಟೆಪ್ನಿಯ ಆನಿಕೆ ಕೊಡುತ್ತಾ ಬನ್ನಿ.

ಒಂದು ಜೊತೆ ಸ್ಟ್ಯಾಂಡನ್ನು ನಾಲ್ಕು ಮನೆಯವರು ಸೇರಿ ಕೊಂಡು ಹಂಚಿಕೊಂಡರೂ ಸಾಕು. ಈ ಪುಟವನ್ನು ಅಚ್ಚು ಹಾಕಿಸಿ ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಕನ್ನಡ ಓದಲು ಬಾರದ ನೆರೆಯವರಿಗೂ, ತಮಿಳು ಮಾಧ್ಯಮದಲ್ಲಿ ಓದಿದ ನಮ್ಮ ಮನೆಯ ಮಕ್ಕಳಿಗೂ ಓದಿ ಹೇಳಿ.

– ಕಾರ್ಯದರ್ಶಿ