ಕಿನ್ನಾಳದ ಗೊಂಬೆಯಿಂದ ಐಎಸ್‌ಐ ಗುರುತಿನವರೆಗೆ

ಕೆಲವು ವರ್ಷಗಳ ಹಿಂದೆ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಎರಡು ವರ್ಷದ ಮೊಮ್ಮಗಳಿಗೆಂದು ಪ್ಲಾಸ್ಟಿಕ್ಕಿನ ಆಟಿಕೆ ಕಾರೊಂದನ್ನು ಕೊಂಡಿದ್ದೆ. ಮನೆಗೆ ತಂದು ಅರ್ಧ ಗಂಟೆಯೂ ಕಳೆದಿರಲಿಲ್ಲ. ಮೇಜಿನಿಂದ ಒಮ್ಮೆ ಕೆಳಗೆ ಬಿದ್ದದ್ದೇ ತಡ, ಹಿಂದಿನ ಗಾಲಿ ಕಳಚಿ ಉರುಳಿತು. ಮಗು ಅದನ್ನು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಕಸಿದುಕೊಂಡೆವು. ಕೊಡೆಯ ಕಡ್ಡಿ, ಟಾರ್ಚಿನ ಗುಂಡಿ, ಬಕೆಟ್ಟಿನ ಹಿಡಿಕೆ ಹೀಗೆ ಕೈಕೊಟ್ಟಾಗ ನಾವು ಗೊಣಗಿ ಸುಮ್ಮನಾಗುತ್ತೇವೆ. ಅಂದು ಮಾತ್ರ ಸುಮ್ಮನಾಗಲು ಮನಸ್ಸು ಬರಲಿಲ್ಲ. ಕಾರನ್ನು ಬಿಚ್ಚಿ ನೋಡಿದೆ.

ಗಾಲಿಯ ಅಚ್ಚನ್ನು ಹಿಡಿದಿದ್ದ ಗೋಡೆ ಸುಮಾರು 1 ಮಿ.ಮೀ. ದಪ್ಪವಿತ್ತು. ಅಚ್ಚು ತೂರಿದ್ದ ರಂಧ್ರದ ಅಂಚಿನಿಂದ ಹೊರಟ ಬಿರುಕು ಗೋಡೆಯ ಚೂಪಾದ ಮೂಲೆಯನ್ನು ತಲುಪಿತ್ತು. ಏಕಮಾನ ವಿಸ್ತೀರ್ಣದ ಮೇಲೆ ಬೀಳುವ ಬಲಕ್ಕೆ ಪೀಡನ ಎನ್ನುತ್ತೇವೆ. ಅಗಲವಾದ ತಗಡಿನಲ್ಲಿ ಒಂದು ಸಣ್ಣ ದುಂಡು ರಂಧ್ರವಿದ್ದು, ತಗಡನ್ನು ಒಂದು ದಿಕ್ಕಿನಲ್ಲಿ ಎಳೆದರೆ, ರಂಧ್ರದ ಅಂಚಿನ ಪೀಡನ ಉಳಿದ ಭಾಗದ ಮೂರು ಪಟ್ಟು ಇರುತ್ತದೆ ಎಂದು ಜರ್ಮನಿಯ ಎಂಜಿನಿಯರ್ ಕಿರ್ಷ್ 1898ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದ. ಚೂಪಾದ ಒಳಮೂಲೆಗಳಲ್ಲಿ ಅದು ಇನ್ನೂ ಹೆಚ್ಚು. ಮೂಲೆಯನ್ನು ತುಸು ದುಂಡಗೆ ಮಾಡಲು ಹೆಚ್ಚುವರಿ ಪ್ಲಾಸ್ಟಿಕ್ ಬೇಕಾಗುವುದು ಅತ್ಯಲ್ಪ. ಅಂದರೆ ಆ ಕಾರು ಮುರಿದದ್ದಕ್ಕೆ ಅದು ಅಗ್ಗವಾಗಿದ್ದುದೊಂದೇ ಕಾರಣವಲ್ಲ. ಮುರಿಯುತ್ತದೆಯೇ ಎಂದು ಯಾರೂ ಪರೀಕ್ಷಿಸಿರಲಿಲ್ಲ.

ಮುಖ ಪರಿಚಯದ ಕಾಲ

ಕೊಪ್ಪಳ ತಾಲ್ಲೂಕಿನಲ್ಲಿಯೇ ಕಿನ್ನಾಳವೆಂಬ ಊರಿದೆ. ಇಲ್ಲಿನ ಚಿತ್ರಗಾರರು ಮಾಡುವ ಮರದ ಗೊಂಬೆಗಳು ಮತ್ತು ದೇವರ ಮೂರ್ತಿಗಳು ಹೆಸರುವಾಸಿಯಾಗಿದ್ದು, ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಪಡೆದಿವೆ. ಹಂಪಿಯ ವಿರೂಪಾಕ್ಷ ದೇವಾಲಯದ ವರ್ಣಚಿತ್ರಗಳು ಈ ಕುಶಲಕರ್ಮಿಗಳ ಪೂರ್ವಿಕರ ಕೈಕೆಲಸವೆಂಬ ನಂಬಿಕೆಯಿದೆ.

ಇವರು ಹಗುರವಾದ ಮರದಿಂದ ಅಂಗಾಂಗಗಳನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಅದೇ ಅಂಟಿನೊಡನೆ ಕಲಸಿದ 'ಕಿಟ್ಟ'ವನ್ನು ಮೈಗೆಲ್ಲ ಬಳಿಯುತ್ತಾರೆ. ಅದರ ಮೇಲೆ ಹತ್ತಿಯ ಚೂರುಗಳನ್ನು ಅಂಟಿಸಿ, ಕಲ್ಲುಪುಡಿಯ ಲೇಪ ಕೊಟ್ಟು, ಕೊನೆಗೆ ಬಣ್ಣ ಹಚ್ಚುತ್ತಾರೆ.

ಇದನ್ನು ಭೌತವಿಜ್ಞಾನದ ದೃಷ್ಟಿಯಿಂದ ನೋಡೋಣ. ಗಾಳಿಯ ತೇವಾಂಶ ಬದಲಾದಂತೆ ಮರ ಹಿಗ್ಗುತ್ತದೆ, ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಬದಲಾವಣೆ ಅತ್ಯಲ್ಪ, ಅಡ್ಡಕ್ಕೆ ಹೆಚ್ಚು. ಆದ್ದರಿಂದ ಎರಡು ತುಂಡುಗಳು ಸೇರುವ ಕಡೆ ಬಿರುಕು ಬಿಡುವ ಸಂಭವವಿರುತ್ತದೆ. ನಾರು ಮತ್ತು ಅಂಟು ಬೆರೆತ ಪದರವು ಈ ಬೆಸುಗೆಯ ಮೇಲೆ ಸೇತುವೆಯಂತೆ ಹಾಯ್ದು, ಪೀಡನವು ಒಂದೇ ಬಿಂದುವಿನಲ್ಲಿ ಕೇಂದ್ರೀಕರಿಸದಂತೆ ಹಂಚುತ್ತದೆ. ಇಂದು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಂಯುಕ್ತ ವಸ್ತುಗಳೆಂದು ಕಲಿಸುವ ತತ್ತ್ವವೇ ಇದು.

ಚಿತ್ರಗಾರರಿಗೆ ಈ ಎಚ್ಚರ ಎಲ್ಲಿಂದ ಬಂತು? ಕೈಚಳಕದ ಜೊತೆಗೆ ಇನ್ನೊಂದು ಕಾರಣವೂ ಇದೆ. ಮಾಡಿದವನೂ ಕೊಂಡವನೂ ಒಂದೇ ಸೀಮೆಯವರು. ಮೂರ್ತಿಯ ಕೈ ಕಳಚಿದರೆ ಮರುದಿನ ಮನೆ ಬಾಗಿಲಿಗೆ ಬಂದು ಕೇಳುವವರಿದ್ದರು. ವಸ್ತುಗಳು ಊರು ದಾಟಿ, ಸಮುದ್ರ ದಾಟಿ ಬರತೊಡಗಿದಾಗ ಈ ಮುಖ ಪರಿಚಯ ಅಳಿಸಿಹೋಯಿತು. ಜಾತ್ರೆಯ ಅಂಗಡಿಯವನನ್ನು ಕೇಳಿದರೆ ಆ ಕಾರು ಎಲ್ಲಿಯದೆಂದು ಆತನಿಗೂ ತಿಳಿದಿರಲಿಲ್ಲ.

ಗುರುತಿನ ಕಾಲ

ಈ ಸಮಸ್ಯೆ ನಮ್ಮದು ಮಾತ್ರವಲ್ಲ. 1876ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಜರ್ಮನಿಯ ತೀರ್ಪುಗಾರರಾಗಿದ್ದ ಎಂಜಿನಿಯರ್ ಫ್ರಾನ್ಸ್ ರೂಲೋ ತಮ್ಮದೇ ದೇಶದ ಸರಕನ್ನು ಅಗ್ಗ ಮತ್ತು ಕಳಪೆ ಎಂದು ಬರೆದರು. 1887ರಲ್ಲಿ ಬ್ರಿಟನ್ನು, ವಿದೇಶಿ ಸರಕು ಬ್ರಿಟಿಷ್ ಸರಕಿನ ಸೋಗಿನಲ್ಲಿ ಮಾರಾಟವಾಗುವುದನ್ನು ತಡೆಯಲು ಸರಕು ಗುರುತು ಕಾಯಿದೆಯನ್ನು ತಂದಿತು. ಅದರಿಂದ 'ಮೇಡ್ ಇನ್ ಜರ್ಮನಿ' ಎಂಬ ಮುದ್ರೆ ಬಳಕೆಗೆ ಬಂತು. ಕೊಳ್ಳುವವರನ್ನು ಎಚ್ಚರಿಸಬೇಕಿದ್ದ ಆ ಮುದ್ರೆಯೇ ಕೆಲವು ದಶಕಗಳಲ್ಲಿ ಒಳ್ಳೆಯ ಸರಕಿನ ಹೆಗ್ಗುರುತಾಯಿತು. ಕಳಪೆತನ ಯಾವ ದೇಶದ ಹಣೆಬರಹವೂ ಅಲ್ಲ ಎಂಬುದಕ್ಕೆ ಇದು ನಿದರ್ಶನ.

ಭಾರತದಲ್ಲಿ ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳ ಮೊದಲು, 1947ರ ಜನವರಿಯಲ್ಲಿ, ಭಾರತೀಯ ಮಾನಕ ಸಂಸ್ಥೆ (ಐಎಸ್‌ಐ) ಹುಟ್ಟಿತು. ಡಾ. ಲಾಲ್ ಸಿ. ವರ್ಮನ್ ಅದರ ಮೊದಲ ನಿರ್ದೇಶಕರು. ಈ ಸಂಸ್ಥೆಯ ಒಂದನೆಯ ಸಂಖ್ಯೆಯ ಮಾನಕ ಯಾವುದಕ್ಕೆ ಗೊತ್ತೆ? ನಮ್ಮ ರಾಷ್ಟ್ರಧ್ವಜಕ್ಕೆ! ಅಳತೆ, ಬಣ್ಣ, ಬಟ್ಟೆಗಳನ್ನು ಖಚಿತವಾಗಿ ಹೇಳುವ ಈ ಮಾನಕ 1951ರಲ್ಲಿ ಹೊರಬಂತು. ಅದಕ್ಕೆ ಅನುಗುಣವಾಗಿ ಖಾದಿ ಧ್ವಜ ತಯಾರಿಸುವ ಸಂಸ್ಥೆ ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿದೆ. ಪ್ರಮಾಣೀಕರಣ ಗುರುತಿಗೆ ಸಂಬಂಧಿಸಿದ ಕಾಯಿದೆ 1952ರಲ್ಲಿ ಬಂತು. 1987ರಲ್ಲಿ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಈ ಸಂಸ್ಥೆಯ ಕೆಲಸವನ್ನು ವಹಿಸಿಕೊಂಡಿತು. ಸಂಸ್ಥೆಯ ಹೆಸರು ಬದಲಾದರೂ ಗುರುತಿನ ಹೆಸರು ಐಎಸ್‌ಐ ಎಂದೇ ಉಳಿದಿದೆ.

ಆಟಿಕೆಗಳಿಗೂ ಐಎಸ್ 9873 ಎಂಬ ಮಾನಕವಿತ್ತು. ಆದರೆ ಐಎಸ್‌ಐ ಗುರುತು ಇರಲೇಬೇಕೆಂಬ ಕಡ್ಡಾಯವಿರಲಿಲ್ಲ. ಭಾರತೀಯ ಗುಣಮಟ್ಟ ಮಂಡಳಿ 2019ರಲ್ಲಿ ಆಮದು ಆಟಿಕೆಗಳ ಮಾದರಿಗಳನ್ನು ಪರೀಕ್ಷಿಸಿದಾಗ ಶೇ. 67ರಷ್ಟು ವಿಫಲವಾದವು. ಮರುವರ್ಷ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಹೊರಬಿದ್ದು, 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು.

ಪರೀಕ್ಷೆ ಹೇಗೆ?

ಮಾನಕದ ಪರೀಕ್ಷೆಗಳು ತೀರ ಸರಳ. ಒಂದೂವರೆ ವರ್ಷ ಮೀರಿದ ಮಕ್ಕಳ ಆಟಿಕೆಯನ್ನು 93 ಸೆಂ.ಮೀ. ಎತ್ತರದಿಂದ ಗಟ್ಟಿ ನೆಲಕ್ಕೆ ನಾಲ್ಕು ಸಲ ಬೀಳಿಸಬೇಕು. ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 4.3 ಮೀಟರ್ ಎಂದು ನಿಮ್ಮ ವಿದ್ಯಾರ್ಥಿಗಳೇ ಲೆಕ್ಕ ಹಾಕಬಲ್ಲರು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಿಂದ ಕಳಚಿದ ಯಾವ ಚೂರೂ 31.7 ಮಿ.ಮೀ. ಒಳವ್ಯಾಸದ ಒಂದು ಪುಟ್ಟ ಸಿಲಿಂಡರಿನೊಳಗೆ ಪೂರ್ತಿ ಹಿಡಿಸುವಂತಿರಬಾರದು. ಹಿಡಿಸಿದರೆ ಅದು ಮಗುವಿನ ಗಂಟಲಿಗೆ ಅಪಾಯ. ಬಣ್ಣದಿಂದ ಕರಗಿ ಹೊರಬರುವ ಸೀಸಕ್ಕೂ ಮಿತಿಯಿದೆ: ಕಿಲೋಗ್ರಾಮಿಗೆ 90 ಮಿಲಿಗ್ರಾಂ.

ನನ್ನ ಮೇಜಿನ ಎತ್ತರ 75 ಸೆಂ.ಮೀ. ಕಳಚಿದ ಗಾಲಿಯ ವ್ಯಾಸ 25 ಮಿ.ಮೀ. ಆ ಕಾರು ಎರಡು ಪರೀಕ್ಷೆಗಳಲ್ಲಿ ನಮ್ಮ ಮನೆಯಲ್ಲಿಯೇ ಅನುತ್ತೀರ್ಣವಾಗಿತ್ತು. ಅಂದು ನಾವು ಕಳೆದುಕೊಂಡದ್ದು ಕೊಟ್ಟ ದುಡ್ಡನ್ನು ಮಾತ್ರ. ಗಾಲಿ ನಮ್ಮ ಕಣ್ತಪ್ಪಿ ಮಗುವಿನ ಬಾಯಿ ಸೇರಿದ್ದರೆ?

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನೋಂದಾಯಿತ ಕುಶಲಕರ್ಮಿಗಳ ಆಟಿಕೆಗಳಿಗೂ, ಭೌಗೋಳಿಕ ಸೂಚಕ ಪಡೆದ ಉತ್ಪನ್ನಗಳ ಅಧಿಕೃತ ತಯಾರಕರಿಗೂ 2020ರ ಡಿಸೆಂಬರಿನಲ್ಲಿ ಈ ಆದೇಶದಿಂದ ವಿನಾಯಿತಿ ದೊರೆಯಿತು. ಪ್ರಯೋಗಾಲಯದ ವೆಚ್ಚ ಸಣ್ಣ ಕುಟುಂಬಗಳಿಗೆ ಹೊರೆಯಾಗುವುದರಿಂದ ಇದು ನ್ಯಾಯವೇ. ಆದರೆ ವಿನಾಯಿತಿ ಸಿಕ್ಕಿತೆಂದರೆ ಪರೀಕ್ಷೆಯಲ್ಲಿ ತೇರ್ಗಡೆಯಾದಂತಲ್ಲ. ಬಣ್ಣದಲ್ಲಿ ಸೀಸವಿದೆಯೇ ಎಂಬುದನ್ನು ಎಂಥ ನುರಿತ ಕಣ್ಣೂ ಹೇಳಲಾರದು. ಹತ್ತಿರದ ಕಾಲೇಜುಗಳ ರಸಾಯನ ವಿಭಾಗಗಳು ಕುಶಲಕರ್ಮಿಗಳ ಬಣ್ಣಗಳನ್ನು ಉಚಿತವಾಗಿ ಪರೀಕ್ಷಿಸಿಕೊಡುವ ವ್ಯವಸ್ಥೆಯಾದರೆ, ಪರಂಪರೆಯ ಹೆಸರಿಗೆ ಅಳತೆಯ ಬೆಂಬಲವೂ ಸಿಕ್ಕಂತಾಗುತ್ತದೆ.

ಇದೇ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ತಯಾರಿಕಾ ಸಮುಚ್ಚಯವನ್ನು ಸರ್ಕಾರ 2020ರಲ್ಲಿ ಪ್ರಕಟಿಸಿತು. ಮರುವರ್ಷ ಅಡಿಗಲ್ಲು ಬಿತ್ತು. ಹೀಗೆ ಕೈಯಿಂದ ಮಾಡುವ ಗೊಂಬೆ, ಯಂತ್ರದಿಂದ ಅಚ್ಚು ಹಾಕುವ ಗೊಂಬೆ ಎರಡಕ್ಕೂ ಒಂದೇ ಜಿಲ್ಲೆಯ ಹೆಸರು ಅಂಟಿಕೊಂಡಿದೆ. 'ಕೊಪ್ಪಳದಲ್ಲಿ ತಯಾರಾದದ್ದು' ಎಂಬ ಮಾತಿಗೆ ಮುಂದೆ ಯಾವ ಅರ್ಥ ಬರಬೇಕೆಂಬುದನ್ನು ಜಾಹೀರಾತಿಗಿಂತ ಹೆಚ್ಚಾಗಿ ಪರೀಕ್ಷೆಗಳೇ ನಿರ್ಧರಿಸುತ್ತವೆ.

ಶಿಕ್ಷಕ ಮಿತ್ರರಲ್ಲಿ ಒಂದು ಸಲಹೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಯಾವ ಊರಿನ ಶಾಲೆಯಾದರೂ ಸರಿ, ಮಕ್ಕಳಿಗೆ ಮನೆಯ ಆಟಿಕೆಗಳನ್ನು ತರಲು ಹೇಳಿ. ಐಎಸ್‌ಐ ಗುರುತಿನ ಮೇಲೆ ಮಾನಕದ ಸಂಖ್ಯೆ, ಕೆಳಗೆ ಪರವಾನಗಿ ಸಂಖ್ಯೆ ಇದೆಯೇ ನೋಡಲಿ. ಬ್ಯೂರೋದ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಆ ಪರವಾನಗಿ ನಿಜವೇ ಎಂದು ತಿಳಿಯಬಹುದು. ರಟ್ಟಿನಿಂದ 31.7 ಮಿ.ಮೀ. ವ್ಯಾಸದ ಕೊಳವೆ ಮಾಡಿ ಚೂರುಗಳನ್ನು ಅಳೆಯಲಿ. ಮುರಿದ ಆಟಿಕೆಗಳನ್ನು ಎಸೆಯದೆ, ಬಿರುಕು ಎಲ್ಲಿಂದ ಹೊರಟಿತೆಂದು ಹುಡುಕಲಿ. ನನ್ನ ಕಾರು ಈಗಲೂ ನನ್ನ ಮೇಜಿನ ಮೇಲಿದೆ. ಪೀಡನದ ಪಾಠ ಬಂದಾಗಲೆಲ್ಲ ಅದನ್ನು ತರಗತಿಗೆ ಒಯ್ಯುತ್ತೇನೆ.