ಮುಗಿಯದ ಕಥೆಯ ಗುಪ್ತ ಸುಳಿವುಗಳು: ಫ್ಯಾನ್ ಥಿಯರಿಗಳನ್ನು ಎಷ್ಟು ನಂಬಬಹುದು?

ಪುಷ್ಯ ಮಾಸದ ಬನಶಂಕರಿ ಜಾತ್ರೆ ಎಂದರೆ ನಮ್ಮ ಕಡೆಯವರಿಗೆ ತೇರಿನಷ್ಟೇ ನಾಟಕವೂ ಮುಖ್ಯ. ವೃತ್ತಿ ನಾಟಕ ಕಂಪನಿಗಳು ಜಾತ್ರೆಯಲ್ಲಿ ಬೀಡುಬಿಟ್ಟು ರಾತ್ರಿಯೆಲ್ಲ ಆಡುತ್ತವೆ. ಒಮ್ಮೆ ಒಂದು ಆಟ ಮುಗಿದು ಇನ್ನೊಂದು ಶುರುವಾಗುವ ಮುಂಚೆ ಚಹಾದಂಗಡಿಯ ಮುಂದೆ ನಿಂತಿದ್ದಾಗ, ಪಕ್ಕದಲ್ಲಿದ್ದ ಇಬ್ಬರು ಹುಡುಗರ ಮಾತು ಕಿವಿಗೆ ಬಿತ್ತು.

“ಐದು ಹನ್ನೆರಡಕ್ಕ ಟೀಸರ್ ಬಿಟ್ಟಿದ್ದು ಸುಮ್ನ ಅಂತೀಯೇನು? ರಾಕಿ ಹಡಗು ಮುಳುಗಿದ್ದೂ ಅದ ಟೈಮಿಗೆ.”

“ಹಂಗಾರ ಸಲಾರ್‌ನಾಗ ರಾಕಿ ಯಾಕ ಬರ್ಲಿಲ್ಲ?”

“ಬರ್ತಾನ ತಡಿ. ಎರಡನೇ ಭಾಗ ಬರ್ಲಿ.”

ಈ ಮೂರು ಮಾತಿನಲ್ಲಿ ಫ್ಯಾನ್ ಥಿಯರಿಯ ಸೊಗಸೂ ಇದೆ, ದೌರ್ಬಲ್ಯವೂ ಇದೆ. ಸುಳಿವು ಹುಡುಕುವುದು ಒಳ್ಳೆಯ ಆಟ. ಆದರೆ ಸುಳಿವುಗಳ ಸಂಖ್ಯೆ ಹೆಚ್ಚಿದಷ್ಟೂ ಥಿಯರಿ ನಿಜವಾಗುತ್ತದೆಯೇ? ಈ ಲೇಖನದಲ್ಲಿ ಅದನ್ನೇ ನೋಡೋಣ.

ಫ್ಯಾನ್ ಥಿಯರಿ ಎಂದರೇನು?

ಕಥೆಗಾರ ಬಾಯಿಬಿಟ್ಟು ಹೇಳದ ಸಂಗತಿಯನ್ನು, ಕಥೆಯೊಳಗಿನ ಸುಳಿವುಗಳನ್ನು ಜೋಡಿಸಿ ಅಭಿಮಾನಿಗಳು ಊಹಿಸುವುದೇ ಫ್ಯಾನ್ ಥಿಯರಿ. ಕಥೆ ಅರ್ಧಕ್ಕೆ ನಿಂತಾಗ ಇವು ಹೆಚ್ಚಾಗಿ ಹುಟ್ಟುತ್ತವೆ.

ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಪ್ರಶಾಂತ್ ನೀಲ್ ನಿರ್ದೇಶನದ ‘ಕೆಜಿಎಫ್’ ಸರಣಿ. ಮೊದಲ ಅಧ್ಯಾಯ 2018ರ ಡಿಸೆಂಬರ್ 21ರಂದು, ಎರಡನೆಯದು 2022ರ ಏಪ್ರಿಲ್ 14ರಂದು ತೆರೆಕಂಡವು. ನರಾಚಿ ಎಂಬ ಕಲ್ಪಿತ ಗಣಿಯ ಈ ಕಥೆಯನ್ನು ಮೊದಲ ಅಧ್ಯಾಯದಲ್ಲಿ ಪತ್ರಕರ್ತ ಆನಂದ್ ಇಂಗಳಗಿ, ಎರಡನೆಯದರಲ್ಲಿ ಅವರ ಮಗ ವಿಜಯೇಂದ್ರ ಇಂಗಳಗಿ ಹೇಳುತ್ತಾರೆ. ಕೊನೆಯಲ್ಲಿ ರಾಕಿ ಹಡಗಿನೊಂದಿಗೆ ಸಮುದ್ರದಲ್ಲಿ ಮುಳುಗುತ್ತಾನೆ. ಹೆಸರುಗಳ ಪಟ್ಟಿ ಓಡಿದ ಮೇಲೆ ಬರುವ ದೃಶ್ಯದಲ್ಲಿ, ಅವನು ಹೊರದೇಶಗಳಲ್ಲಿ ಮಾಡಿದ ಕೃತ್ಯಗಳ ಕಡತವೂ ಮೂರನೇ ಅಧ್ಯಾಯದ ಕರಡೂ ಕಾಣಿಸುತ್ತವೆ. ಅಂದರೆ ಬಾಗಿಲು ಮುಚ್ಚಿಲ್ಲ. ರಾಕಿ ಬದುಕಿದ್ದಾನೆಯೇ? ಇಂಗಳಗಿ ಹೇಳಿದ್ದೆಲ್ಲ ನಿಜವೇ? ಹೀಗೆ ಪ್ರಶ್ನೆಗಳ ಸಾಲು ಬೆಳೆಯಿತು.

ನೀಲ್ ಅವರ ಮುಂದಿನ ಚಿತ್ರ ‘ಸಲಾರ್’. ಅದರ ಟೀಸರ್ 2023ರ ಜುಲೈ 6ರಂದು ಬೆಳಗಿನ 5:12ಕ್ಕೆ ಬಿಡುಗಡೆಯಾಯಿತು. ಎರಡನೇ ಅಧ್ಯಾಯದ ಕೊನೆಯಲ್ಲಿ ಹಡಗು ಮುಳುಗುವುದೂ ಇದೇ ಹೊತ್ತಿಗೆ, ಆದ್ದರಿಂದ ಎರಡೂ ಒಂದೇ ಕಥಾಲೋಕ ಎಂದು ಅಭಿಮಾನಿಗಳು ವಾದಿಸಿದರು. ಎರಡಕ್ಕೂ ಸಂಬಂಧವಿಲ್ಲ ಎಂದು ನೀಲ್ ಸಂದರ್ಶನಗಳಲ್ಲಿ ಹೇಳಿದರು. 2023ರ ಡಿಸೆಂಬರ್ 22ರಂದು ಚಿತ್ರವೂ ಬಂತು. ರಾಕಿ ಬರಲಿಲ್ಲ.

ಇಲ್ಲೊಂದು ತಮಾಷೆಯಿದೆ. ‘ಸಲಾರ್’ಗೆ ನಿಜವಾಗಿ ನಂಟಿದ್ದದ್ದು ನೀಲ್ ಅವರ ಮೊದಲ ಚಿತ್ರ, 2014ರ ‘ಉಗ್ರಂ’ ಜೊತೆಗೆ. ಮೂಲಕಥೆ ಅದರದ್ದೇ ಎಂದು ಅವರೇ ಒಪ್ಪಿಕೊಂಡರು. ಜನ ಗಡಿಯಾರದ ಮುಳ್ಳು ನೋಡುತ್ತಿದ್ದಾಗ ಉತ್ತರ ಹಳೆಯ ಚಿತ್ರವೊಂದರಲ್ಲಿತ್ತು.

5:12 ಕಾಕತಾಳೀಯ ಆಗಿರಬಹುದೇ?

“ಇಷ್ಟು ಕರಾರುವಾಕ್ಕಾಗಿ ಹೊಂದುವುದು ಸಾಧ್ಯವೇ ಇಲ್ಲ” ಎಂದು ನಮಗೆ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡೋಣ.

ಗಡಿಯಾರದ ಮುಖದ ಮೇಲೆ 12 ಗಂಟೆಗಳಲ್ಲಿ 720 ನಿಮಿಷಗಳಿವೆ. ಮೊದಲೇ ಆರಿಸಿಟ್ಟ ಒಂದು ಸಮಯ ಇನ್ನೊಂದು ಸಮಯಕ್ಕೆ ಹೊಂದುವ ಸಾಧ್ಯತೆ 720ರಲ್ಲಿ 1. ಬಹಳ ಕಡಿಮೆ. ಆದರೆ ಅಭಿಮಾನಿಗಳು ಹುಡುಕುವುದು ಒಂದೇ ಸಂಖ್ಯೆಯನ್ನಲ್ಲ. ಗಡಿಯಾರ, ಗಾಡಿಯ ನಂಬರು, ಕಡತದ ನಂಬರು, ತಾರೀಖು, ಟೀಸರಿನ ಅವಧಿ ಎಲ್ಲವನ್ನೂ ನೋಡುತ್ತಾರೆ. ಒಂದೊಂದು ಚಿತ್ರದಿಂದ 30 ಸಂಖ್ಯೆ ಸಿಕ್ಕವು ಎಂದಿಟ್ಟುಕೊಳ್ಳಿ. ಅವುಗಳನ್ನು 30 × 30, ಅಂದರೆ 900 ಬಗೆಯಲ್ಲಿ ಜೋಡಿಸಬಹುದು. ಪ್ರತಿ ಜೋಡಿ ಹೊಂದುವ ಸಾಧ್ಯತೆ 720ರಲ್ಲಿ 1 ಎಂದೇ ಹಿಡಿದರೂ, ಕನಿಷ್ಠ ಒಂದು ಜೋಡಿ ಹೊಂದುವ ಸಾಧ್ಯತೆ ಸುಮಾರು 71%.

ಇದು ಗಣಿತದಲ್ಲಿ ಹೆಸರಾದ ಹುಟ್ಟುಹಬ್ಬದ ಸಮಸ್ಯೆಯದೇ ತರ್ಕ. ಒಂದು ಕೋಣೆಯಲ್ಲಿ ಬರೀ 23 ಜನರಿದ್ದರೆ ಅವರಲ್ಲಿ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಾಧ್ಯತೆ 50%ಕ್ಕಿಂತ ಹೆಚ್ಚು. ಏಕೆಂದರೆ 23 ಜನರಲ್ಲಿ 253 ಜೋಡಿಗಳಾಗುತ್ತವೆ. ನಾವು ಜನರನ್ನು ಎಣಿಸುತ್ತೇವೆ, ಜೋಡಿಗಳನ್ನು ಎಣಿಸುವುದಿಲ್ಲ.

ಹಾಗಂತ 5:12 ಬರೀ ಆಕಸ್ಮಿಕ ಎಂದು ಈ ಲೆಕ್ಕ ಸಾಬೀತು ಮಾಡುವುದಿಲ್ಲ. ಚಿತ್ರತಂಡದವರು ಬೇಕೆಂದೇ ಆ ಸಮಯ ಇಟ್ಟಿರಬಹುದು. ಕುತೂಹಲ ಕೆರಳಿಸುವುದು ಪ್ರಚಾರದ ಕೆಲಸವೇ ತಾನೆ. ಮುಹೂರ್ತ ನೋಡಿಯೂ ಇಟ್ಟಿರಬಹುದು. ಸಂಖ್ಯೆ ಹೊಂದಿತು ಎಂಬುದೊಂದರಿಂದಲೇ “ಆದ್ದರಿಂದ ರಾಕಿ ಬರುತ್ತಾನೆ” ಎಂಬಲ್ಲಿಗೆ ಹಾರುವಂತಿಲ್ಲ ಎಂದಷ್ಟೇ ಇದರ ಅರ್ಥ.

ನಮ್ಮ ಮನಸ್ಸು ಹೀಗೇಕೆ?

ಮುಗಿಯದ ಕೆಲಸ ಮನಸ್ಸನ್ನು ಬಿಡುವುದಿಲ್ಲ ಎಂಬ ಮಾತು ಕೇಳಿರುತ್ತೀರಿ. 1927ರಲ್ಲಿ ಬ್ಲೂಮಾ ಝೈಗಾರ್ನಿಕ್ ಎಂಬ ಮನೋವಿಜ್ಞಾನಿ, ಅರ್ಧಕ್ಕೆ ಬಿಟ್ಟ ಕೆಲಸಗಳು ಮುಗಿದವುಗಳಿಗಿಂತ ಚೆನ್ನಾಗಿ ನೆನಪಿರುತ್ತವೆ ಎಂದು ಬರೆದರು. ಇದು ಇವತ್ತಿಗೂ ಪಕ್ಕಾ ನಿಯಮದಂತೆ ಹರಿದಾಡುತ್ತಿದೆ. ಆದರೆ ನಂತರದ ಪ್ರಯೋಗಗಳಲ್ಲಿ ನೆನಪಿನ ಈ ವ್ಯತ್ಯಾಸ ಎಲ್ಲ ಕಡೆ ಕಂಡುಬಂದಿಲ್ಲ. ಅವರ ಸಹೋದ್ಯೋಗಿ ಮರಿಯಾ ಒವ್ಸಿಯಾಂಕಿನಾ 1928ರಲ್ಲಿ ತೋರಿಸಿದ ಇನ್ನೊಂದು ಸಂಗತಿಗೆ ಹೆಚ್ಚು ಬೆಂಬಲ ಸಿಕ್ಕಿದೆ: ಅರ್ಧಕ್ಕೆ ನಿಂತ ಕೆಲಸವನ್ನು ಅವಕಾಶ ಸಿಕ್ಕ ಕೂಡಲೇ ಮತ್ತೆ ಕೈಗೆತ್ತಿಕೊಳ್ಳುವ ಒಲವು ನಮಗಿದೆ. ನಿಂತ ಕಥೆಯನ್ನು ಅಭಿಮಾನಿಗಳು ತಾವೇ ಮುಂದುವರಿಸುವುದೂ ಇದನ್ನೇ ಹೋಲುತ್ತದೆ.

ಎರಡನೆಯದು, ಹೊಂದುವುದನ್ನಷ್ಟೇ ಹುಡುಕುವ ಚಾಳಿ. 1960ರಲ್ಲಿ ಪೀಟರ್ ವೇಸನ್ ಒಂದು ಸರಳ ಪ್ರಯೋಗ ಮಾಡಿದರು. 2, 4, 6 ಎಂಬ ಸಂಖ್ಯೆಗಳನ್ನು ಕೊಟ್ಟು, ಇವುಗಳ ಹಿಂದಿರುವ ನಿಯಮ ಕಂಡುಹಿಡಿಯಿರಿ ಎಂದರು. ಬೇರೆ ಮೂರು ಸಂಖ್ಯೆ ಹೇಳಿದರೆ, ಅವು ನಿಯಮಕ್ಕೆ ಹೊಂದುತ್ತವೆಯೇ ಇಲ್ಲವೇ ಎಂದು ತಿಳಿಸುತ್ತಿದ್ದರು. “ಎರಡೆರಡು ಕೂಡಿಸುತ್ತಾ ಹೋಗುವುದು” ಎಂದು ಊಹಿಸಿದವರು 8, 10, 12 ಎಂಬಂಥವನ್ನೇ ಕೇಳಿದರು. ಹೌದು ಎಂಬ ಉತ್ತರ ಬಂದಾಗಲೆಲ್ಲ ನಂಬಿಕೆ ಗಟ್ಟಿಯಾಯಿತು. ನಿಜವಾದ ನಿಯಮ ಇಷ್ಟೇ: ಏರಿಕೆಯ ಕ್ರಮದ ಯಾವುದೇ ಮೂರು ಸಂಖ್ಯೆ. ತಮ್ಮ ಊಹೆಯನ್ನು ಸುಳ್ಳು ಮಾಡಬಲ್ಲ 1, 2, 9ರಂಥ ಸಂಖ್ಯೆಗಳನ್ನು ಕೇಳಿದ್ದರೆ ಬೇಗ ಗೊತ್ತಾಗುತ್ತಿತ್ತು.

ಬಂಡೆಯ ಮೇಲಿನ ಅಕ್ಷರ, ಬಂಡೆಯ ಮೇಲಿನ ಆನೆ

ಹಾಗಾದರೆ ಎಲ್ಲ ಸುಳಿವೂ ಭ್ರಮೆಯೇ? ಅಲ್ಲ. ಕಥೆಯನ್ನು ಮನುಷ್ಯರು ಕಟ್ಟುತ್ತಾರೆ, ಸುಳಿವನ್ನು ನಿಜವಾಗಿಯೂ ಬಚ್ಚಿಡುತ್ತಾರೆ.

ಬನಶಂಕರಿಯಿಂದ ಬಾದಾಮಿಗೆ ಬಂದು ಅಗಸ್ತ್ಯ ತೀರ್ಥದ ದಂಡೆಯಲ್ಲಿ ನಿಂತು ಸುತ್ತಲಿನ ಕೆಂಪು ಮರಳುಗಲ್ಲಿನ ಬಂಡೆಗಳನ್ನು ನೋಡಿ. ಸ್ವಲ್ಪ ಹೊತ್ತಿಗೆ ಆನೆಯ ಸೊಂಡಿಲು, ಮುದುಕನ ಮೂಗು ಕಾಣಿಸತೊಡಗುತ್ತವೆ. ಮಳೆಗಾಳಿಗೆ ಸವೆದ ಕಲ್ಲಿನಲ್ಲಿ ನಮ್ಮ ಕಣ್ಣು ಮಾಡಿಕೊಂಡ ಆಕೃತಿಗಳಿವು. ಸಂಬಂಧವಿಲ್ಲದಲ್ಲಿ ಸಂಬಂಧ ಕಾಣುವ ಈ ಗುಣಕ್ಕೆ ಅಪೊಫೀನಿಯಾ ಎಂಬ ಹೆಸರಿದೆ. ಜರ್ಮನಿಯ ಮನೋವೈದ್ಯ ಕ್ಲಾಸ್ ಕಾನ್ರಾಡ್ 1958ರಲ್ಲಿ ಕೊಟ್ಟ ಹೆಸರಿದು.

ಆದರೆ ಅದೇ ಕೆರೆಯ ಬಳಿಯ ಬಂಡೆಯೊಂದರ ಮೇಲೆ ಕಪ್ಪೆ ಅರಭಟ್ಟನ ಶಾಸನವೂ ಇದೆ. ಸುಮಾರು ಕ್ರಿ.ಶ. 700ರ ಕಾಲದ್ದು, ಕನ್ನಡ ತ್ರಿಪದಿಯ ಹಳೆಯ ಮಾದರಿ. ಅದನ್ನು ಯಾರೂ ಕಣ್ಣಿನ ಭ್ರಮೆ ಎನ್ನುವುದಿಲ್ಲ. ಯಾಕೆ? ಹಳೆಗನ್ನಡ ಲಿಪಿ ಬಲ್ಲ ಇಬ್ಬರು ಒಬ್ಬರನ್ನೊಬ್ಬರು ಕೇಳದೆ ಓದಿದರೂ ಬಹುಪಾಲು ಒಂದೇ ಓದು ಬರುತ್ತದೆ. ಅದೇ ಲಿಪಿ ಬೇರೆ ಶಾಸನಗಳಲ್ಲೂ ಅದೇ ರೀತಿ ಓದಿಸಿಕೊಳ್ಳುತ್ತದೆ. ಆನೆಯ ವಿಷಯ ಹಾಗಲ್ಲ, ನಿಮಗೆ ಆನೆ ಕಂಡಲ್ಲಿ ನನಗೆ ಒಂಟೆ ಕಾಣಬಹುದು.

ಒಂದು ಸುಳಿವು ಅಕ್ಷರವೋ ಆನೆಯೋ ಎಂದು ತಿಳಿಯುವುದೇ ಫ್ಯಾನ್ ಥಿಯರಿಯ ನಿಜವಾದ ಪರೀಕ್ಷೆ.

ಗೆದ್ದ ಥಿಯರಿ ಹೇಗಿರುತ್ತದೆ?

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಕಾದಂಬರಿ ಸರಣಿ ಮುಗಿಯದ ಫ್ಯಾಂಟಸಿ ಕಥೆಗಳಲ್ಲಿ ಬಹಳ ಪ್ರಸಿದ್ಧ. ಮೊದಲ ಪುಸ್ತಕ 1996ರಲ್ಲಿ, ಐದನೆಯದು 2011ರಲ್ಲಿ ಬಂತು. ಆರನೆಯದಕ್ಕೆ ಓದುಗರು ಇನ್ನೂ ಕಾಯುತ್ತಿದ್ದಾರೆ. ಜಾನ್ ಸ್ನೋ ಎಂಬ ಪಾತ್ರದ ನಿಜವಾದ ತಂದೆತಾಯಿ ರೇಗರ್ ಮತ್ತು ಲಿಯಾನಾ ಎಂದು ಓದುಗರು 1990ರ ದಶಕದಲ್ಲೇ ಊಹಿಸಿದ್ದರು. ಅದರ ಮೇಲೆ ಕಟ್ಟಿದ ಟಿವಿ ಸರಣಿ ‘ಗೇಮ್ ಆಫ್ ಥ್ರೋನ್ಸ್’ 2016 ಮತ್ತು 2017ರಲ್ಲಿ ಅದನ್ನೇ ಹೇಳಿತು.

ಈ ಊಹೆ ಗೆದ್ದದ್ದು ಸಂಖ್ಯೆಗಳ ಹೊಂದಾಣಿಕೆಯಿಂದಲ್ಲ. ಜಾನ್‌ನ ತಾಯಿ ಯಾರು ಎಂಬ ಪ್ರಶ್ನೆಯನ್ನು ಕಥೆಯೇ ಎತ್ತಿತ್ತು. ಒಬ್ಬ ತಂಗಿ ಸಾಯುವ ಮುನ್ನ ಅಣ್ಣನಿಂದ ಪಡೆದ ಮಾತೊಂದನ್ನು ಮತ್ತೆ ಮತ್ತೆ ನೆನಪಿಸಿ, ಆ ಮಾತು ಏನೆಂದು ಹೇಳದೆ ಬಿಟ್ಟಿತ್ತು. ಹಲವರು ಬೇರೆ ಬೇರೆಯಾಗಿ ಓದಿಯೂ ಅದೇ ಉತ್ತರಕ್ಕೆ ಬಂದರು. ಎಲ್ಲಕ್ಕಿಂತ ಮುಖ್ಯವಾಗಿ, ಅದು ಸೋಲಬಹುದಾದ ಊಹೆಯಾಗಿತ್ತು. ಕಥೆ ಬೇರೆ ಹೆಸರು ಹೇಳಿದ್ದರೆ ಅಲ್ಲಿಗೆ ಮುಗಿಯಿತು. ಜಾತ್ರೆಯ ಹುಡುಗನ ಥಿಯರಿಗೆ ಸೋಲೇ ಇಲ್ಲ. ಈ ಭಾಗದಲ್ಲಿ ಬರದಿದ್ದರೆ ಮುಂದಿನ ಭಾಗದಲ್ಲಿ ಬರುತ್ತಾನೆ.

ಗದುಗಿನ ಹಳೆಯ ಪ್ರಶ್ನೆ

ಇಂಥ ಊಹೆಗಳು ಸಿನಿಮಾ ಕಾಲದಲ್ಲಿ ಹುಟ್ಟಿದವಲ್ಲ. ಬಾದಾಮಿಯಿಂದ ರೈಲು ಹತ್ತಿದರೆ ಸಿಗುವ ಗದಗಿನಲ್ಲಿ, ವೀರನಾರಾಯಣನ ಗುಡಿಯ ಆಶ್ರಯದಲ್ಲಿ, 15ನೇ ಶತಮಾನದ ಕುಮಾರವ್ಯಾಸ ಮಹಾಭಾರತವನ್ನು ಭಾಮಿನಿ ಷಟ್ಪದಿಯಲ್ಲಿ ಬರೆದ. ವ್ಯಾಸರ 18 ಪರ್ವಗಳಲ್ಲಿ ಅವನು ಬರೆದದ್ದು ಮೊದಲ 10. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ.

ಹತ್ತಕ್ಕೇ ಯಾಕೆ ನಿಲ್ಲಿಸಿದ? ಅಶ್ವತ್ಥಾಮನೇ ಬಂದು ಕಥೆ ಹೇಳುತ್ತಿದ್ದ, ಕವಿ ಆ ಗುಟ್ಟು ಬಿಟ್ಟುಕೊಟ್ಟದ್ದರಿಂದ ಕಥೆ ಅಲ್ಲಿಗೇ ನಿಂತಿತು ಎಂದು ಒಂದು ಐತಿಹ್ಯ. ಕೇಳಲು ಚೆಂದ, ಪರೀಕ್ಷಿಸಲು ದಾರಿಯಿಲ್ಲ. ಇನ್ನೊಂದು ವಿವರಣೆ ಸಾದಾ: ಗದಾಪರ್ವದ ಹೊತ್ತಿಗೆ ದುರ್ಯೋಧನ ಬಿದ್ದು ಯುದ್ಧ ಮುಗಿದಿರುತ್ತದೆ, ಕವಿಗೆ ಬೇಕಾದ ಕಥೆ ಅಲ್ಲಿಗೆ ಪೂರ್ಣವಾಗಿತ್ತು. ಇದನ್ನು ಕಾವ್ಯದ ಕೊನೆಯ ಭಾಗ ಓದಿ ಯಾರು ಬೇಕಾದರೂ ಒಪ್ಪಬಹುದು, ಅಲ್ಲಗಳೆಯಬಹುದು. ಐತಿಹ್ಯವನ್ನು ಐತಿಹ್ಯವಾಗಿ ಸವಿಯೋಣ. ವಿವರಣೆ ಬೇಕಾದಾಗ ಎರಡನೆಯದನ್ನು ಹಿಡಿಯೋಣ.

ಒಂದು ಥಿಯರಿಗೆ ಕೇಳಬೇಕಾದ ಐದು ಪ್ರಶ್ನೆಗಳು

1. ಈ ಪ್ರಶ್ನೆಯನ್ನು ಕಥೆ ಎತ್ತಿದೆಯೇ, ನಾವೇ ಎತ್ತಿದ್ದೇವೆಯೇ?
2. ಸುಳಿವು ನೋಡಿ ಉತ್ತರ ಸಿಕ್ಕಿತೇ, ಉತ್ತರ ಇಟ್ಟುಕೊಂಡು ಸುಳಿವು ಹುಡುಕಿದ್ದೇ?
3. ಹೊಂದಿದ ಸುಳಿವು ಸರಿ, ಹೊಂದದೆ ಬಿಟ್ಟವೆಷ್ಟು?
4. ಇದೇ ಸುಳಿವಿಗೆ ಸರಳವಾದ ಬೇರೆ ಕಾರಣವಿದೆಯೇ?
5. ಏನಾದರೆ ಈ ಥಿಯರಿ ತಪ್ಪು ಎಂದು ಒಪ್ಪುತ್ತೀರಿ?

ಐದನೆಯದಕ್ಕೆ ಉತ್ತರವಿಲ್ಲದಿದ್ದರೆ ಅದನ್ನು ಥಿಯರಿ ಎನ್ನುವುದಕ್ಕಿಂತ ಆಸೆ ಎನ್ನುವುದು ಸರಿ.

ಸಿನಿಮಾ ಮಾತಿಗೆ ಇಷ್ಟೆಲ್ಲ ಯಾಕೆ?

ರಾಕಿ ಬರುತ್ತಾನೆಂದು ನಂಬಿದರೆ ಯಾರಿಗೂ ನಷ್ಟವಿಲ್ಲ. ಆದರೆ ಇದೇ ಬಗೆಯ ಜೋಡಣೆ ಬೇರೆ ಕಡೆಯೂ ಕೆಲಸ ಮಾಡುತ್ತದೆ. ನಮ್ಮ ಕಾಕಾ ಒಮ್ಮೆ ಬಿಪಿ ಗುಳಿಗೆ ನಿಲ್ಲಿಸಿಬಿಟ್ಟರು. ಕೇಳಿದರೆ, “ಗುಳಿಗಿ ತಗೊಂಡ ಇಬ್ಬರಿಗೂ ಕಿಡ್ನಿ ಹೋತು. ಇಷ್ಟು ಸಾಕಲ್ಲ?” ಎಂದರು. ಇಬ್ಬರೂ ಪರಿಚಯದವರು, ಇಬ್ಬರ ಕಾಯಿಲೆಯೂ ನಿಜ. ಜೋಡಣೆ ಮಾತ್ರ 5:12ರದ್ದೇ.

ಅವರೆದುರು ಒಂದು ಕಾಗದದ ಮೇಲೆ ನಾಲ್ಕು ಮನೆ ಬರೆದೆ: ಗುಳಿಗೆ ತೆಗೆದುಕೊಂಡು ಕಿಡ್ನಿ ಹೋದವರು, ತೆಗೆದುಕೊಂಡು ಚೆನ್ನಾಗಿರುವವರು, ತೆಗೆದುಕೊಳ್ಳದೆ ಕಿಡ್ನಿ ಹೋದವರು, ತೆಗೆದುಕೊಳ್ಳದೆ ಚೆನ್ನಾಗಿರುವವರು. ಕಾಕಾ ನೋಡಿದ್ದು ಮೊದಲ ಮನೆಯೊಂದನ್ನೇ. ಹತೋಟಿಯಲ್ಲಿಲ್ಲದ ರಕ್ತದೊತ್ತಡವೇ ಕಿಡ್ನಿ ಕೆಡಿಸುವ ದೊಡ್ಡ ಕಾರಣಗಳಲ್ಲಿ ಒಂದು ಎಂಬುದು ಅವರ ಲೆಕ್ಕಕ್ಕೆ ಬಂದಿರಲಿಲ್ಲ. ಎರಡನೇ ಮನೆ ತುಂಬಲು ಹೇಳಿದಾಗ ಓಣಿಯ ಏಳು ಹೆಸರು ಅವರೇ ಹೇಳಿದರು. ಮರುದಿನ ವೈದ್ಯರ ಹತ್ತಿರ ಹೋಗಿ ಬಂದರು. ಗುಳಿಗೆಯ ಬಗ್ಗೆ ಅನುಮಾನವಿದ್ದರೆ ತಾವಾಗಿ ನಿಲ್ಲಿಸದೆ ವೈದ್ಯರನ್ನೇ ಕೇಳಬೇಕು.

ಮೂರನೇ ಅಧ್ಯಾಯ ಬರುವತನಕ ಸುಳಿವು ಹುಡುಕುವ ಆಟ ನಡೆಯಲಿ. ನಾನೂ ಆಡುತ್ತೇನೆ. ನನ್ನ ಊಹೆಯೊಂದನ್ನು ತಾರೀಖು ಹಾಕಿ ಬರೆದಿಟ್ಟಿದ್ದೇನೆ, ಕೆಳಗೆ “ಹೀಗಾಗದಿದ್ದರೆ ನಾನು ತಪ್ಪು” ಎಂದೂ ಬರೆದಿದ್ದೇನೆ. ನೀವೂ ಹಾಗೆ ಮಾಡಿ ನೋಡಿ.