ಆಪ್ತಸಮಾಲೋಚನಾ ಮನೋವಿಜ್ಞಾನದ ಕಿರು ಸಂಶೋಧನಾ ಅನುದಾನ

ಆಪ್ತಸಮಾಲೋಚನಾ ಮನೋವಿಜ್ಞಾನದಲ್ಲಿ ಸೀಮಿತ ಅವಧಿಯ, ನಿಶ್ಚಿತ ಉದ್ದೇಶದ ಅಧ್ಯಯನಕ್ಕೆ ವಿದ್ವತ್ ಸಂಘ, ಪ್ರತಿಷ್ಠಾನ ಅಥವಾ ಸರ್ಕಾರಿ ಸಂಸ್ಥೆ ನೀಡುವ ಅಲ್ಪ ಮೊತ್ತದ ಧನಸಹಾಯ. ಸಂಶೋಧನಾ ವಿದ್ಯಾರ್ಥಿಗಳು ಮತ್ತು ಹೊಸದಾಗಿ ವೃತ್ತಿಗೆ ಬಂದ ಅಧ್ಯಾಪಕರು ಇದರ ಮುಖ್ಯ ಫಲಾನುಭವಿಗಳು.

ಈ ಜ್ಞಾನಶಾಖೆ ರೂಪುಗೊಂಡದ್ದು ಅಮೆರಿಕದಲ್ಲಿ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನಲ್ಲಿ ಇದಕ್ಕೆ ಮೀಸಲಾದ 17ನೆಯ ವಿಭಾಗ 1946ರಲ್ಲಿ ಆರಂಭವಾಯಿತು. 1951ರ ನಾರ್ತ್‌ವೆಸ್ಟರ್ನ್ ಸಮ್ಮೇಳನ ಶಾಖೆಗೆ ಇಂದಿನ ಹೆಸರನ್ನು ನೆಲೆಗೊಳಿಸಿತು. 1953ರಲ್ಲಿ ಸ್ಥಾಪನೆಯಾದ ಅಮೆರಿಕನ್ ಸೈಕಲಾಜಿಕಲ್ ಫೌಂಡೇಷನ್ 17ನೆಯ ವಿಭಾಗದ ಹೆಸರಿನಲ್ಲೂ ಅನುದಾನ ನೀಡಿದೆ. ವಿಶ್ವವಿದ್ಯಾಲಯದ ಆಡಳಿತ ವೆಚ್ಚಕ್ಕೆ ಈ ಫೌಂಡೇಷನ್ನಿನ ಹಣ ಸಲ್ಲುವುದಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ‘ಆರ್03’ ಯೋಜನೆಯಲ್ಲಿ ‘ಕಿರು’ ಎಂಬುದರ ಅಳತೆಯೇ ಬೇರೆ: ವರ್ಷಕ್ಕೆ 50,000 ಡಾಲರ್ ನೇರ ವೆಚ್ಚ, ಗರಿಷ್ಠ ಎರಡು ವರ್ಷ, ನವೀಕರಣವಿಲ್ಲ.

ಭಾಗವಹಿಸುವವರ ಗೌರವಧನ, ಸಮಾಲೋಚನೆಯ ಧ್ವನಿಮುದ್ರಣವನ್ನು ಬರಹಕ್ಕಿಳಿಸುವುದು, ಮಾಪಕಗಳ ಪರವಾನಗಿ ಮತ್ತು ಅನುವಾದ ಸಾಮಾನ್ಯ ಖರ್ಚುಗಳು. ನೈತಿಕ ಸಮಿತಿಯ ಒಪ್ಪಿಗೆ ಅಗತ್ಯ.

ಭಾರತದಲ್ಲಿ 1969ರಲ್ಲಿ ಸ್ಥಾಪಿತವಾದ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ ಕಿರು ಯೋಜನೆಗಳಿಗೆ ನೆರವಾಗುತ್ತದೆ. ಇಂಗ್ಲಿಷಿನ ಮಾಪಕವನ್ನು ಕನ್ನಡಕ್ಕೆ ತಂದು, ಮರು ಅನುವಾದ ಮಾಡಿಸಿ, ಸ್ಥಳೀಯರಲ್ಲಿ ಪರೀಕ್ಷಿಸುವಂಥ ಮೂಲಭೂತ ಕೆಲಸಕ್ಕೆ ಈ ಪ್ರಮಾಣದ ಹಣ ವಿಶೇಷವಾಗಿ ಒದಗುತ್ತದೆ.

ದೊಡ್ಡ ಅನುದಾನದ ಅರ್ಜಿಗೆ ಬೇಕಾದ ಪ್ರಾಥಮಿಕ ದತ್ತಾಂಶ ಒದಗಿಸುವುದು ಇದರ ಪ್ರಧಾನ ಉಪಯೋಗ. ಮಿತಿ ಮಾದರಿಯ ಗಾತ್ರದಲ್ಲಿದೆ: ಎರಡು ಗುಂಪುಗಳ ನಡುವಿನ ಮಧ್ಯಮ ಪ್ರಮಾಣದ ವ್ಯತ್ಯಾಸವನ್ನು ಶೇ. 80ರ ಸಂಭವನೀಯತೆಯಲ್ಲಿ ಗುರುತಿಸಲು ಪ್ರತಿ ಗುಂಪಿನಲ್ಲಿ ಸುಮಾರು 64 ಜನ ಬೇಕು. ಸಣ್ಣ ಮೊತ್ತದಲ್ಲಿ ಅಷ್ಟು ಜನರನ್ನು ಕೊನೆಯವರೆಗೆ ಉಳಿಸಿಕೊಳ್ಳುವುದು ಕಷ್ಟ.